ಕುಂದಗೋಳದ ರೈಲಿನಲ್ಲಿ ಮಗಳ ಜೊತೆ

ನನ್ನ ನಾಲ್ಕು ವರ್ಷದ ಮಗಳು ಟಿವಿ ರಿಮೋಟ್ ಕಿವಿಗೆ ಹಿಡ್ಕೊಂಡು ಹಾಲ್‌ನಲ್ಲಿ ಅಡ್ಡಾಡ್ತಿದ್ದಳು. ಅಜ್ಜಿ ಊಟಕ್ಕೆ ಕರೆದರೆ ಕೈ ಅಡ್ಡ ಮಾಡಿ, "ಒಂದ್ ನಿಮಿಷ, ಕಾಲ್‌ನ್ಯಾಗ ಅದೀನಿ" ಅಂದಳು. ನನಗೆ ನಗು ಬಂತು. ಅವ್ವಗ ಬರಲಿಲ್ಲ. "ನೀ ಮಾಡೂದನ್ನ ಆಕಿ ಮಾಡ್ತಾಳ" ಅಂದಳು, ಅಷ್ಟೇ.

ಮರುದಿನ ಭಾನುವಾರ. ಮಗಳನ್ನು ಕರ್ಕೊಂಡು ಹುಬ್ಬಳ್ಳಿಯಲ್ಲಿ ಕುಂದಗೋಳದ ರೈಲು ಹತ್ತಿದೆ. ಸುಮಾರು 20 ಕಿಲೋಮೀಟರ್ ದಾರಿ. ಕಿಟಕಿಯಾಚೆ ಎರಿ ಹೊಲ, ಒಳಗೆ ಯಾರದೋ ಮಿರ್ಚಿ ಪೊಟ್ಟಣದ ವಾಸನೆ.

ಗಂಗೂಬಾಯಿ ಹಾನಗಲ್ ಇದೇ ದಾರಿಯಲ್ಲಿ ರೈಲು ಹತ್ತಿ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಚಿಕ್ಕವರಿದ್ದಾಗ ಗ್ರಾಮಫೋನ್ ಕೇಳಿಸಿದರೆ ಬೀದಿಗೆ ಓಡಿ ಬಂದು, ಕೇಳಿದ್ದನ್ನು ಹಾಗೇ ಹಾಡಲು ನೋಡುತ್ತಿದ್ದರಂತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಲಿ ಎಂದು 1928ರಲ್ಲಿ ಮನೆ ಹುಬ್ಬಳ್ಳಿಗೆ ಬದಲಾಯಿತು. ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಕಿವಿಗೆ ಬಿದ್ದದ್ದು ಮಗಳ ಗಂಟಲಿಗೆ ಇಳಿದು ಎರಡೂ ಪದ್ಧತಿ ಬೆರಕೆ ಆದೀತು ಅನ್ನೋ ಭಯ.

ಇದನ್ನು ನಾನು ತ್ಯಾಗದ ಕಥೆ ಅಂತಷ್ಟೇ ಓದಿದ್ದೆ. ರಿಮೋಟ್ ನೋಡಿದ ಮೇಲೆ ಬೇರೆ ಥರ ಕಾಣಿಸಿತು. ಪಾಠ ಇಲ್ಲದ ಹೊತ್ತಿನಲ್ಲೂ ಮಕ್ಕಳು ಕಲಿಯುತ್ತಲೇ ಇರುತ್ತಾರೆ ಅನ್ನೋದು ಆ ತಾಯಿಗೆ ಗೊತ್ತಿತ್ತು. ನನ್ನ ಕಥೆಯೂ ಬೇರೆ ಅಲ್ಲ ಬಿಡಿ. ಕೋಡಿಂಗ್ ಅನ್ನು ಕಾಲೇಜಿಗಿಂತ ಹೆಚ್ಚು ಸೀನಿಯರ್ ಒಬ್ಬರ ಸ್ಕ್ರೀನ್ ನೋಡಿ ಕಲಿತೆ. ಕಾಲ್‌ನಲ್ಲಿ ಅಡ್ಡಾಡುವ ಚಟವೂ ಅವರದೇ!

ಕುಂದಗೋಳದಲ್ಲಿ ನಾಡಿಗೇರ ವಾಡೆ ನೋಡಿದೆವು. ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯೋದು ಅಲ್ಲೇ. ಗದಗಿನ ಹುಡುಗ ಭೀಮಸೇನ ಜೋಶಿ ಕೂಡ ಈ ಊರಲ್ಲಿ ಗುರುಗಳ ಮನೆಗೆ ನೀರು ಹೊತ್ತು, ಮನೆಗೆಲಸ ಮಾಡುತ್ತ ಕಲಿತವರು. ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ನಾನು ವಾಡೆಯ ಕಂಬಕ್ಕೆ ಒರಗಿದಂತೆ ತಾನೂ ಒರಗಿ ನಿಂತಳು. ಆಗಲೇ ಜೇಬಿನಲ್ಲಿ ಫೋನ್ ಗುಂಯ್ ಅಂತು. ಆಕಿ ನೋಡಿದ್ದು ನನ್ನ ಮುಖ ಅಲ್ಲ, ಕೈ. ಕೈ ಜೇಬಿಗೆ ಹೋಗಿತ್ತು. ಹಾಗೇ ಖಾಲಿ ಹೊರಗೆ ತೆಗೆದೆ.

ಈಗ ಕಾಲ್ ಬಂದರೆ ಮಾಳಿಗಿ ಮ್ಯಾಲೆ ಹೋಗಿ ಮಾತಾಡ್ತೀನಿ. ಮೊನ್ನೆ ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೆ ಎದುರಾದಳು, ಕೈಯಲ್ಲಿ ರಿಮೋಟ್.

"ಎಲ್ಲಿಗೆ ಹೊಂಟಿ?"

"ಮ್ಯಾಲ. ಕಾಲ್ ಐತಿ."