ನೆತ್ತಿಯ ತೊಲೆ

ಚಿಕ್ಕಪ್ಪ ತನ್ನ ಪಾಲಿನ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತೇನೆ ಅಂದಾಗ ಅಪ್ಪ ನನ್ನ ಕಡೆ ತಿರುಗಿ, "ನಮ್ ಅರ್ಧ ನಿಲ್ತೈತಾ ಅಂತ ಕಂಪ್ಯೂಟ್ರಲ್ಲಿ ನೋಡಿ ಹೇಳು ಮಗ" ಅಂದ. ನನ್ನ ಪಿಎಚ್‌ಡಿ ಜನಪದ ಕಥನಗಳ ಮೇಲೆ. ಆದರೆ ನಮ್ಮ ಕೋಡಿಹಳ್ಳಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಇಂಜಿನಿಯರುಗಳೇ. ಮೂರನೇ ಅಧ್ಯಾಯ ತಿಂಗಳುಗಳಿಂದ ಮುಂದೆ ಹೋಗದೆ ಕೂತಿತ್ತು. ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಮನೆ ಅಂದರೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಮಾಡಲು ಶುರುಮಾಡಿದ ಈ ಹೆಂಚು ಘಟ್ಟ ಹತ್ತಿ ನಮ್ಮ ಬಯಲಿಗೂ ಬಂತು. ಎರಡು ಕಡೆ ಇಳಿಜಾರು, ನಡುವೆ ಉದ್ದಕ್ಕೂ ನೆತ್ತಿಯ ತೊಲೆ, ತೊಲೆಯ ಎರಡು ತುದಿಗೂ ತ್ರಿಕೋನವಾಗಿ ಮೇಲೆದ್ದ ಪಕ್ಕದ ಗೋಡೆ. ಸಾಫ್ಟ್‌ವೇರು ಅದನ್ನು ಗೇಬಲ್ ಅನ್ನುತ್ತದೆ. ಅಪ್ಪನನ್ನು ಕೇಳಿದರೆ "ಗೋಡೆ ಅಷ್ಟೇ, ಅದಕ್ಕೇನು ಹೆಸರು" ಅಂದ. ಆ ತ್ರಿಕೋನದ ತುದಿಯ ಹತ್ತಿರ ಒಂದು ಬೆಳಕಿಂಡಿ ಇದೆ. ಮನೆಯೊಳಗೆ ರೇಷ್ಮೆ ಹುಳು ಸಾಕುತ್ತಿದ್ದ ಕಾಲದಲ್ಲಿ ಮೇಲೇರಿದ ಬಿಸಿಗಾಳಿ ಅಲ್ಲಿಂದಲೇ ಹೋಗುತ್ತಿತ್ತು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಅದಕ್ಕೆ ಬಲೆ ಬಿತ್ತು. ಹುಳು ಸಾಕುವುದು ಬಿಟ್ಟು ವರ್ಷಗಳಾದವು, ಬಲೆ ಇನ್ನೂ ಇದೆ.

ನಾನು ಇಳಿಸಿಕೊಂಡಿದ್ದು ಸ್ವೀಟ್ ಹೋಮ್ ತ್ರೀಡಿ, ಪುಕ್ಕಟೆ ಸಿಗುತ್ತದೆ. ಟೇಪು ಹಿಡಿದು ಅಳೆದೆ: ಅಗಲ 20 ಅಡಿ, ಸೂರಿನ ಹತ್ತಿರ ಗೋಡೆ 8 ಅಡಿ, ನೆತ್ತಿ 14. ಈ ತಂತ್ರಾಂಶದಲ್ಲಿ ಒಂದು ಗೋಡೆಗೆ ಎರಡೇ ಎತ್ತರ ಕೊಡಬಹುದು, ಶುರುವಿಗೊಂದು, ಕೊನೆಗೊಂದು. ನಡುವೆ ಶಿಖರ ಎಬ್ಬಿಸಲು ಬರುವುದಿಲ್ಲ. ಇದು ಗೊತ್ತಾಗದೆ ಒಂದು ಸಂಜೆ ಹೋಯಿತು. ಉಪಾಯ ಸರಳ. ಗೋಡೆಯನ್ನು ಸರಿಯಾಗಿ ನಡುವೆ ಎರಡು ಭಾಗ ಮಾಡಬೇಕು, ಒಂದು 8ರಿಂದ 14ಕ್ಕೆ ಏರಬೇಕು, ಇನ್ನೊಂದು 14ರಿಂದ 8ಕ್ಕೆ ಇಳಿಯಬೇಕು. ಛಾವಣಿಗೆ ಎರಡು ಹಲಗೆಗಳನ್ನು ಓರೆ ಮಾಡಿ ಇಟ್ಟೆ. ನೋಡಲು ಥೇಟ್ ನಮ್ಮ ಮನೆಯೇ.

ಅಪ್ಪನಿಗೆ ತೋರಿಸುವಾಗ ಚಿಕ್ಕಪ್ಪನ ಕಡೆಯ ಗೋಡೆಗಳನ್ನೆಲ್ಲ ಅಳಿಸಿದೆ. ಛಾವಣಿ ಕದಲಲಿಲ್ಲ, ಹಾಗೆಯೇ ಗಾಳಿಯಲ್ಲಿ ತೇಲುತ್ತಾ ನಿಂತಿತು. ಅಪ್ಪ ಕನ್ನಡಕ ಮೇಲೆ ಸರಿಸಿ ನೋಡಿದ. "ಇದ್ರ ಭಾರ ಯಾರು ಹೊತ್ತವ್ರೆ?"

ಯಾರೂ ಇಲ್ಲ. ಆ ಚಿತ್ರಕ್ಕೆ ಭಾರವೇ ಗೊತ್ತಿಲ್ಲ. ಅಮೆರಿಕದ ಮರದ ಮನೆಗಳ ನಕ್ಷೆಗಳನ್ನೂ ತೆಗೆದು ನೋಡಿದೆ. ಅಲ್ಲಿ ಸಾಮಾನ್ಯವಾಗಿ ನೆತ್ತಿಯಲ್ಲಿರುವುದು ತೆಳು ಹಲಗೆ. ಎರಡು ಕಡೆಯ ಮರಗಳು ಅದರ ಮೂಲಕ ಒಂದಕ್ಕೊಂದು ಒರಗಿ ನಿಲ್ಲುತ್ತವೆ, ಕೆಳಗೆ ಅವು ಅಗಲವಾಗಿ ಸರಿಯದಂತೆ ಅಡ್ಡಮರ ಕಟ್ಟುತ್ತಾರೆ. ಹಲಗೆ ಹೊರುವುದು ಅಷ್ಟಕ್ಕಷ್ಟೇ. ನಮ್ಮಲ್ಲಿ ಹಾಗಲ್ಲ. ಛಾವಣಿಯ ಹೆಚ್ಚಿನ ಭಾರ ತೊಲೆಯ ಮೇಲೆ, ತೊಲೆಯದ್ದು ಪಕ್ಕದ ಗೋಡೆಯ ಮೇಲೆ.

ಮಾರನೇ ದಿನ ಅಪ್ಪ, ನಾನು ಟಾರ್ಚು ಹಿಡಿದು ಅಟ್ಟ ಹತ್ತಿದೆವು. ಪಾಲುಪತ್ರದ ಗೆರೆ ನಡುವಿನ ಗೋಡೆಯ ಮೇಲೆ ಹೋಗುತ್ತದೆ. (ಅದಕ್ಕೆ ನಾನೂ ಸಹಿ ಹಾಕಿದ್ದೇನೆ. ಹೆಣ್ಣುಮಕ್ಕಳ ಒಪ್ಪಿಗೆ ಬೇಕೆಂದಿದ್ದರು. ಓದಿರಲಿಲ್ಲ.) ಆದರೆ ಆ ಗೋಡೆ ಅಟ್ಟದ ಮಟ್ಟಕ್ಕೇ ನಿಂತುಬಿಟ್ಟಿದೆ, ತೊಲೆಯನ್ನು ಮುಟ್ಟುವುದೇ ಇಲ್ಲ. ತೊಲೆಯೂ ಒಂದೇ ಮರವಲ್ಲ. ಎರಡನ್ನು ಕೂಡಿಸಿದ ಜಾಗ ಗೋಡೆಯಿಂದ ಮೂರಡಿ ಆಚೆ, ಚಿಕ್ಕಪ್ಪನ ನಡುಮನೆಯ ಕಂಬದ ಮೇಲಿದೆ. ಅವರು ಕಂಬ ಕಿತ್ತರೆ ಬೀಳುವುದು ನಮ್ಮ ಹೆಂಚು. ತಾತ ಮನೆ ಕಟ್ಟುವಾಗ ಇಬ್ಬರು ಮಕ್ಕಳು ಇದನ್ನು ಹಂಚಿಕೊಳ್ಳುತ್ತಾರೆಂದು ಯೋಚಿಸಿಯೇ ಇರಲಿಲ್ಲ.

ಅಣ್ಣತಮ್ಮಂದಿರಿಗೆ ಮಾತು ನಿಂತಿತ್ತು, ಲ್ಯಾಪ್‌ಟಾಪ್ ಹಿಡಿದು ನಾನೇ ಹೋದೆ. ಚಿಕ್ಕಪ್ಪ ಮೊದಲು "ಇದೆಲ್ಲ ನಿಮ್ಮಪ್ಪನ ಆಟ" ಅಂದ. ಕಂಬ ಅಳಿಸಿ ತೋರಿಸಿದರೆ ಏನೂ ಬೀಳುವುದಿಲ್ಲವಲ್ಲ! ಕೊನೆಗೆ ಟೇಬಲ್ಲಿನ ಮೇಲೆ ಎರಡು ಲೋಟ, ಅವುಗಳ ಮೇಲೆ ಪೆನ್ಸಿಲ್ಲು ಇಟ್ಟು, ಒಂದು ಲೋಟ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಡುಗೋಡೆಯನ್ನು ತೊಲೆಯವರೆಗೂ ಎಬ್ಬಿಸಿದ ಮೇಲೆಯೇ ಕಂಬ ಕೀಳುವುದೆಂದು ಒಪ್ಪಿದ. ಇಟ್ಟಿಗೆ ಅವನದು, ಕೂಲಿ ನಮ್ಮದು.

ಗಾರೆಯವರಿಗೆ ಎತ್ತರ ಹೇಳಿದ್ದು ನಾನು: 14 ಅಡಿ. ಕೊನೆಯ ವರಸೆಗೆ ಬಂದಾಗ ಮೇಸ್ತ್ರಿ ನಕ್ಕ. "ಒಂದು ಇಟ್ಟಿಗೆ ಜಾಸ್ತಿ ಆಯ್ತು ಕಣಮ್ಮ." ನಾನು ಅಳೆದಿದ್ದು ತುದಿಯಲ್ಲಿ. ಇಷ್ಟು ವರ್ಷ ಹೊತ್ತು ಹೊತ್ತು ತೊಲೆ ನಡುವೆ ಮೂರು ಇಂಚು ಬಾಗಿತ್ತು. ನನ್ನ ಚಿತ್ರದಲ್ಲಿ ನೆತ್ತಿ ಗೆರೆ ಎಳೆದಂತೆ ನೆಟ್ಟಗಿತ್ತು.

ಗೋಡೆಯ ಆಚೆಗೆ ಚಾಚಿದ್ದ ಮೂರಡಿಯನ್ನು ಗರಗಸದಿಂದ ಕೊಯ್ದರು. ಅದು ಯಾರಿಗೆ ಸೇರಬೇಕೆಂದು ಪಾಲುಪತ್ರದಲ್ಲಿ ಇಲ್ಲ. ಅಪ್ಪನೂ ಎತ್ತಿಕೊಳ್ಳಲಿಲ್ಲ, ಚಿಕ್ಕಪ್ಪನೂ ಎತ್ತಿಕೊಳ್ಳಲಿಲ್ಲ. ಎರಡು ಮನೆಯ ನಡುವೆ ಜಗಲಿಯ ಪಕ್ಕ ಬಿದ್ದಿದೆ, ಸಂಜೆ ಅವ್ವ ಅದರ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾಳೆ.