ಸೈಟಿನ ರೇಟು, ತಿಂಗಳ ಲೆಕ್ಕ

ಬೆಂಗಳೂರಿನ ಪೂರ್ವದ ಕಡೆ, ಕಾಡುಗೋಡಿಯೋ ಹಗದೂರೋ ಎಲ್ಲೇ ಆಗಲಿ, ನಾಲ್ಕು ಜನ ಟೀ ಅಂಗಡಿ ಮುಂದೆ ನಿಂತರೆ ಮಾತು ಮಳೆ, ಟ್ರಾಫಿಕ್ಕು, ಮಕ್ಕಳ ಫೀಸು ಎಲ್ಲ ಸುತ್ತಿಕೊಂಡು ಕೊನೆಗೆ ಸೈಟಿಗೆ ಬರುತ್ತದೆ. ‘ಆಗಲೇ ತಗೊಂಡುಬಿಡಬೇಕಿತ್ತು ಕಣ್ರೀ’ ಅನ್ನುತ್ತಾರೆ ಒಬ್ಬರು. ‘ಆಗ ಮಾರಲೇಬಾರದಿತ್ತು’ ಅನ್ನುತ್ತಾರೆ ಇನ್ನೊಬ್ಬರು. ‘ಇನ್ನೂ ಏರುತ್ತೆ ನೋಡ್ತಾ ಇರಿ’ ಅನ್ನುವವರಂತೂ ಇದ್ದೇ ಇರುತ್ತಾರೆ. ಬಾಡಿಗೆಗೆ ಇರುವವರು ಏನೂ ಹೇಳದೆ ಲೋಟ ಕೆಳಗಿಟ್ಟು ಹೊರಡುತ್ತಾರೆ.

ಈ ಸೀಮೆ ಬದಲಾದ ವೇಗ ನೋಡಿದರೆ ಈ ಮಾತುಗಳಲ್ಲಿ ಆಶ್ಚರ್ಯವೇನೂ ಇಲ್ಲ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತು ವೈಟ್‌ಫೀಲ್ಡ್ ಆಯಿತು. ಬಂದು ನೆಲೆಸುವವರು ಬೇಸಾಯ ಮಾಡಿಕೊಂಡು ಬದುಕಬೇಕು ಅನ್ನುವುದು ಆಗಿನ ಆಸೆ. ವರ್ತುಲಾಕಾರದಲ್ಲಿ ಮನೆಗಳನ್ನು ಹಾಕಿದ ಜಾಗವನ್ನು ಈಗಲೂ ಇನ್ನರ್ ಸರ್ಕಲ್ ಎಂದೇ ಕರೆಯುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಅದು ತನ್ನ ಪಾಡಿಗೆ ತಾನಿದ್ದ ಊರು. 1990ರ ದಶಕದ ಕೊನೆಗೆ ಪಟ್ಟಂದೂರು ಅಗ್ರಹಾರದ ಪಕ್ಕ ಐಟಿಪಿಎಲ್ ಎದ್ದಿತು. 2007ರಲ್ಲಿ ಮಹದೇವಪುರದ ಹಳ್ಳಿಗಳು ಬಿಬಿಎಂಪಿಗೆ ಸೇರಿದವು. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿಗೆ ಮೆಟ್ರೊ ಓಡಿತು, ಅದೇ ವರ್ಷ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿಕೊಂಡಿತು. ರಾಗಿ ಹೊಲಗಳ ಸರ್ವೆ ನಂಬರುಗಳನ್ನು ಈಗ ನೋಡಬೇಕೆಂದರೆ ಫ್ಲ್ಯಾಟುಗಳ ಕ್ರಯಪತ್ರದ ಷೆಡ್ಯೂಲು ತೆರೆಯಬೇಕು.

ಬೆಲೆ ಏರಿದ್ದು ನಿಜ. ಆದರೆ ಏರಿದ ಬೆಲೆ ಇನ್ನೂ ಯಾರ ಕೈಗೂ ಬಂದ ದುಡ್ಡಲ್ಲ. ಮನೆ ಇರುವವರಿಗೆ ಮಾರುವ ತನಕ ಅದೊಂದು ಅಂಕಿ, ಕೊಳ್ಳುವವರಿಗೆ ದೊಡ್ಡ ಸಾಲ, ಬಾಡಿಗೆಯವರಿಗೆ ಮುಂದಿನ ವರ್ಷದ ಹೊರೆ. ಮೂವರೂ ರೇಟು ನೋಡಿಕೊಂಡೇ ಬದುಕಿನ ಲೆಕ್ಕ ಹಾಕುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಸಂಸಾರ ನಡೆಯುವುದು ತಿಂಗಳ ಲೆಕ್ಕದ ಮೇಲೆ.

ಮೊದಲು ಮನೆಯಿರುವವರ ವಿಚಾರ. ಮೂವತ್ತು ನಲವತ್ತರ ಸೈಟಿನಲ್ಲಿ ಹಳೆಯ ಮನೆ, ಸಣ್ಣ ಪಿಂಚಣಿ, ಮಕ್ಕಳು ಹೊರಗೆ. ಇಂಥ ಹಿರಿಯರು ಈ ಭಾಗದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಕೋಟಿಗಟ್ಟಲೆ ಬಾಳುವ ಜಾಗದಲ್ಲಿ ಕೂತು ಮಾತ್ರೆ ಬಿಲ್ಲು ನೋಡಿ ಹಿಂದೆಮುಂದೆ ನೋಡುವ ಸ್ಥಿತಿ. ಅರವತ್ತು ದಾಟಿದವರು ಮನೆಯಲ್ಲೇ ಇದ್ದುಕೊಂಡು ಅದರ ಆಧಾರದ ಮೇಲೆ ಬ್ಯಾಂಕಿನಿಂದ ತಿಂಗಳು ತಿಂಗಳು ದುಡ್ಡು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಯೋಜನೆ 2007ರಿಂದಲೇ ಇದೆ. ನಮ್ಮವರು ಅದರ ಹತ್ತಿರ ಹೋಗುವುದಿಲ್ಲ. ‘ಮನೆ ಮಕ್ಕಳಿಗೆ’ ಅನ್ನುವ ಮಾತು ಅಷ್ಟು ಗಟ್ಟಿ. ಆ ಮಕ್ಕಳೇ ಒಮ್ಮೆ ಕೂತು, ‘ಅಪ್ಪಾ, ನಮಗೆ ಮನೆ ಬೇಡ, ನೀವು ನೆಮ್ಮದಿಯಾಗಿರಿ’ ಅಂದರೆ ಎಷ್ಟೋ ಮನೆಗಳ ಮುದಿತನ ಹಗುರಾದೀತು.

ಮಾರುವುದೇ ಆದರೆ ತೆರಿಗೆ ಲೆಕ್ಕವನ್ನು ಮಾತುಕತೆಗೆ ಮುಂಚೆ ಹಾಕಬೇಕು. 2024ರ ಜುಲೈ 23ರಿಂದ ಆಸ್ತಿ ಮಾರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ. ಆ ದಿನಕ್ಕಿಂತ ಮುಂಚೆ ಕೊಂಡ ಮನೆ, ನಿವೇಶನವಾದರೆ, ಇಲ್ಲೇ ವಾಸವಾಗಿರುವ ವ್ಯಕ್ತಿಗಳು ಬೆಲೆಯೇರಿಕೆಯನ್ನು ಕಳೆದು ಉಳಿದದ್ದಕ್ಕೆ ಶೇ 20ರ ಹಳೆಯ ಲೆಕ್ಕ ಹಾಕಿ ನೋಡಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಟ್ಟಬಹುದು. 2001ಕ್ಕಿಂತ ಹಿಂದಿನ ಆಸ್ತಿಗೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಲು ಅವಕಾಶವಿದೆ. ಅಜ್ಜನ ಕಾಲದ ಜಾಗಕ್ಕೆ ಇದೇ ದೊಡ್ಡ ಆಸರೆ. ಅದಕ್ಕೆ ಮೌಲ್ಯಮಾಪಕರ ವರದಿ ಬೇಕು, ಮಾರುವ ಗಡಿಬಿಡಿಯಲ್ಲಿ ಅದು ನೆನಪಾಗುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳಬೇಕು. ಪಿತ್ರಾರ್ಜಿತ ಜಮೀನನ್ನು ಬಿಲ್ಡರಿಗೆ ಕೊಡುವಾಗ ‘ಹೆಣ್ಣುಮಕ್ಕಳ ಸಹಿ ಆಮೇಲೆ ಹಾಕಿಸಿದರಾಯಿತು’ ಎಂದು ಮುಂದೂಡುವ ಮನೆಗಳು ಇನ್ನೂ ಇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಕ್ಕತಂಗಿಯರಿಗೆ ಕೊಡಬೇಕಾದ್ದನ್ನು ಕೊಟ್ಟು, ವಿಭಾಗಪತ್ರ ನೋಂದಾಯಿಸಿ, ಆಮೇಲೆ ಬಿಲ್ಡರ ಜೊತೆ ಕೂರಬೇಕು. ಇದರಲ್ಲಿ ಕಾನೂನಿಗಿಂತ ಮೊದಲು ಬರುವುದು ನ್ಯಾಯ.

ಜಮೀನು ಮಾರಿದ ದುಡ್ಡಿಗೆ ಬ್ಯಾಂಕಿನ ಸಾಲವನ್ನೂ ಸೇರಿಸಿ ನಾಲ್ಕೈದು ಅಂತಸ್ತಿನ ಪಿಜಿ ಕಟ್ಟಿದವರು ನಲ್ಲೂರಹಳ್ಳಿ, ಕುಂದಲಹಳ್ಳಿ ಕಡೆ ಬಹಳ. ಪ್ರತಿ ಮಂಚಕ್ಕೂ ವರ್ಷವಿಡೀ ಜನ ಇರುತ್ತಾರೆ ಎಂದು ಹಿಡಿದ ಲೆಕ್ಕ ಅದು. 2020ರಲ್ಲಿ ಕೋವಿಡ್ ಬಂದು ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದವು. ಹುಡುಗರು ಬ್ಯಾಗು ಹೊತ್ತು ಊರು ಸೇರಿದರು. ಗೇಟುಗಳ ಮೇಲೆ ‘ಟು ಲೆಟ್’ ಹಲಗೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ಕಂತು ಮಾತ್ರ ತಪ್ಪಲಿಲ್ಲ. 2022ರ ಹೊತ್ತಿಗೆ ಜನ ವಾಪಸು ಬಂದರು, ಬಾಡಿಗೆ ಹಿಂದೆಂದೂ ಇಲ್ಲದಷ್ಟು ಏರಿತು, ಆ ಖಾಲಿ ದಿನಗಳ ನೆನಪು ಅಳಿಸಿಯೇ ಹೋಯಿತು. ಈಗ ಕಟ್ಟುತ್ತಿರುವವರು ಬ್ಯಾಂಕಿಗೆ ಹೋಗುವ ಮುಂಚೆ ಆ ಎರಡು ವರ್ಷಗಳನ್ನು ನೆನಪಿಸಿಕೊಳ್ಳಲಿ. ಆರು ತಿಂಗಳು ಅರ್ಧ ಮನೆ ಖಾಲಿ ಬಿದ್ದರೂ ಕಂತು ಕಟ್ಟುವ ಶಕ್ತಿ ಇದ್ದರೆ ಕಟ್ಟಿ, ಇಲ್ಲದಿದ್ದರೆ ಒಂದು ಅಂತಸ್ತು ಕಡಿಮೆ ಮಾಡಿ.

ಕೊಳ್ಳುವವರದು ಬೇರೆಯೇ ಆತುರ. ‘ಈ ವರ್ಷ ಬಿಟ್ಟರೆ ಕೈಗೆ ಸಿಗಲ್ಲ’ ಎಂಬ ಭಯ. ಒಂದು ಕೋಟಿಯ ಫ್ಲ್ಯಾಟನ್ನೇ ಇಟ್ಟುಕೊಂಡು ನೋಡೋಣ. ಬ್ಯಾಂಕು ಕೊಡುವುದು ಹೆಚ್ಚೆಂದರೆ 75 ಲಕ್ಷ. ಉಳಿದ 25 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಕೂಡಿ ಶೇ 5.6; ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಅಲ್ಲಿಗೆ 7 ಲಕ್ಷ 60 ಸಾವಿರ ರಿಜಿಸ್ಟ್ರೇಷನ್ನಿಗೇ ಹೋಯಿತು. ಇದಕ್ಕೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ಅಡುಗೆಮನೆಯ ಮರಗೆಲಸ, ವಾರ್ಡ್‌ರೋಬು, ಗೃಹಪ್ರವೇಶ ಬೇರೆ. ಅಲ್ಲೇ ಅನೇಕರು ಪರ್ಸನಲ್ ಲೋನಿಗೆ ಕೈಹಾಕುವುದು, ನಿದ್ದೆ ಕೆಡಿಸುವ ಸಾಲ ಅದೇ.

75 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಕಂತು ತಿಂಗಳಿಗೆ 65 ಸಾವಿರದ ಆಸುಪಾಸು. ಸಾಲದ ಸ್ಟೇಟ್‌ಮೆಂಟು ತೆಗೆದು ಮೊದಲ ಸಾಲನ್ನು ಬೆರಳಿಟ್ಟು ಓದಿ. ಬಡ್ಡಿಗೆ 53,125, ಅಸಲಿಗೆ ಸುಮಾರು 12 ಸಾವಿರ. ಇಪ್ಪತ್ತು ವರ್ಷ ಹೀಗೇ ಕಟ್ಟಿದರೆ ಬಡ್ಡಿಯೇ 81 ಲಕ್ಷ ದಾಟುತ್ತದೆ. ಗಾಬರಿಪಡಿಸಲು ಹೇಳುತ್ತಿಲ್ಲ. ಮೊದಲ ವರ್ಷಗಳಲ್ಲಿ ಬೋನಸ್ಸು ಬಂದಾಗ ಒಂದೊಂದು ಲಕ್ಷ ಅಸಲಿಗೆ ಕಟ್ಟಿದರೆ ಎಷ್ಟು ವರ್ಷ ಉಳಿಯುತ್ತದೆ ಅನ್ನುವುದು ಆ ಸಾಲನ್ನು ಓದಿದವರಿಗೆ ಮಾತ್ರ ಹೊಳೆಯುತ್ತದೆ. ಬಡ್ಡಿ ದರವೂ ನಿಂತಲ್ಲಿ ನಿಲ್ಲುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಕಂತು ಏರದಿದ್ದನ್ನು ಕಂಡು ಸಮಾಧಾನಪಟ್ಟ ಎಷ್ಟೋ ಜನರಿಗೆ ಸಾಲದ ಅವಧಿ ವರ್ಷಗಟ್ಟಲೆ ಉದ್ದವಾದದ್ದು ತಡವಾಗಿ ತಿಳಿಯಿತು.

ಕಾಗದದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಬಿ ಖಾತೆಯ ಆಸ್ತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಎಷ್ಟೋ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ. ನಾಳೆ ಮಾರಲು ಹೋದಾಗ ನಿಮ್ಮಿಂದ ಕೊಳ್ಳುವವರಿಗೂ ಅದೇ ಕಷ್ಟ. ತಾಯಿಪತ್ರ, ಇ.ಸಿ., ವಂಶವೃಕ್ಷ, ಭೂಪರಿವರ್ತನೆಯ ಆದೇಶ, ರೇರಾ ನೋಂದಣಿ, ಇವನ್ನು ಬಿಲ್ಡರ ವಕೀಲರು ನೋಡಿದ್ದಾರೆ ಎಂದು ಬಿಡಬಾರದು. ನೀವೇ ದುಡ್ಡು ಕೊಟ್ಟು ಗೊತ್ತು ಮಾಡಿದ ವಕೀಲರು ನೋಡಬೇಕು. ಕಾಗದದಲ್ಲಿ ಕಾಣದ ಒಂದು ಸಂಗತಿಯೂ ಇದೆ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಯಮಲೂರು ಕಡೆ ಕೆರೆಗಳು ಉಕ್ಕಿ, ದೊಡ್ಡ ದೊಡ್ಡ ಬಡಾವಣೆಗಳ ಜನರನ್ನು ಟ್ರಾಕ್ಟರಿನಲ್ಲಿ ಕೂರಿಸಿ ಹೊರಗೆ ತಂದದ್ದನ್ನು ಊರೆಲ್ಲ ನೋಡಿತು. ಮನೆ ನೋಡಲು ಭಾನುವಾರದ ಬಿಸಿಲಿನಲ್ಲಿ ಹೋಗಬೇಡಿ. ಜೋರು ಮಳೆ ಸುರಿದ ಮರುದಿನ ಬೆಳಿಗ್ಗೆ ಹೋಗಿ, ರಾಜಕಾಲುವೆ ಎಲ್ಲಿದೆ ಎಂದು ಹತ್ತಿರದ ಅಂಗಡಿಯವರನ್ನು ಕೇಳಿ. ಬೇಸಿಗೆಯ ನೀರಿನ ಬಿಲ್ಲನ್ನೂ ಕೇಳಿ. 2024ರ ಬರದಲ್ಲಿ ಜಿಲ್ಲಾಡಳಿತ 12 ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಬೇಕಾಗಿ ಬಂತು. ಆ ವರ್ಷ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಐದನೇ ಹಂತ ಬಂದಿದೆ. ನೀವು ನೋಡುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆಯೇ ಅನ್ನುವುದಷ್ಟೇ ನಿಮ್ಮ ಪ್ರಶ್ನೆ.

ಇನ್ನು ಬಾಡಿಗೆಯವರು. ಅದೇ ಒಂದು ಕೋಟಿಯ ಫ್ಲ್ಯಾಟಿಗೆ ಬಾಡಿಗೆ 35 ಸಾವಿರ ಎಂದಿಟ್ಟುಕೊಳ್ಳಿ. ಕಂತಿಗೂ ಬಾಡಿಗೆಗೂ 30 ಸಾವಿರ ವ್ಯತ್ಯಾಸ. ಅದನ್ನು ತಿಂಗಳ ಮೊದಲ ವಾರವೇ ಆರ್‌ಡಿಗೋ ಎಸ್‌ಐಪಿಗೋ ಹಾಕುವ ಶಿಸ್ತಿದ್ದರೆ ಬಾಡಿಗೆಯ ಬದುಕು ಸೋಲೇನಲ್ಲ. ‘ಬಾಡಿಗೆ ಕಟ್ಟೋದು ದಂಡ’ ಎಂದು ನೆಂಟರು ಹೇಳುತ್ತಲೇ ಇರುತ್ತಾರೆ. ಆ ಮಾತಿಗೆ ಹೆದರಿ ಕೈಮೀರಿದ ಸಾಲ ಮಾಡಿದವರ ಕಷ್ಟ ಹೆಚ್ಚು. ಬಾಡಿಗೆಯವರ ನಿಜವಾದ ತೊಂದರೆ ಕರಾರಿನಲ್ಲಿದೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂದು ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ವರ್ಷಕ್ಕೆ ಶೇ 5 ಏರಿಕೆ ಎಂದು ಕರಾರಿನಲ್ಲಿ ಇರುತ್ತದೆ. ಮೆಟ್ರೊ ಬಂದ ವರ್ಷ ಆ 5ಕ್ಕೆ ಬೆಲೆಯಿಲ್ಲ. ‘ಇಷ್ಟು ಕೊಡ್ತೀನಿ ಅನ್ನೋರು ಇದ್ದಾರೆ, ನೀವು ನೋಡಿ’ ಅನ್ನುವ ಒಂದು ಫೋನಿಗೆ ಮಕ್ಕಳ ಶಾಲೆ, ವ್ಯಾನು, ಕೆಲಸದವರು ಎಲ್ಲ ಅಲ್ಲಾಡಿಹೋಗುತ್ತದೆ. ಆದ್ದರಿಂದ ಸ್ಥಳ ಬದಲಿಸುವ ಖರ್ಚು, ಅಂದರೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಲಾರಿ, ಹೊಸ ಅಡ್ವಾನ್ಸಿನ ವ್ಯತ್ಯಾಸ, ಇಷ್ಟನ್ನು ಸದಾ ಪಕ್ಕಕ್ಕೆ ಇಟ್ಟಿರಬೇಕು.

ಬಾಡಿಗೆ ತಪ್ಪಿಸಿಕೊಳ್ಳಲು ಲೀಸಿಗೆ ಹೋಗುವವರನ್ನು ಕಂಡರೆ ನನಗೆ ತುಂಬ ಸಂಕಟ. ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ದುಡ್ಡು ವಾಪಸು. ಕೇಳಲು ಚೆಂದ. ಆ ದುಡ್ಡು ಅಷ್ಟರಲ್ಲಿ ಮೇಲಿನ ಅಂತಸ್ತಿನ ಸಿಮೆಂಟಾಗಿರುತ್ತದೆ. ವಾಪಸು ಬರಬೇಕಾದರೆ ಮುಂದಿನ ಲೀಸಿನವರು ಬರಬೇಕು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಕಂತು ನಿಂತರೆ, ಒಂದು ದಿನ ಗೋಡೆಗೆ ಜಪ್ತಿಯ ನೋಟಿಸು ಅಂಟುತ್ತದೆ. ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲಿನ ಸಹಿ ಅಲ್ಲಿ ಕಾಪಾಡುವುದಿಲ್ಲ. ಲೀಸೇ ಬೇಕೆಂದರೆ ಇ.ಸಿ. ತೆಗೆಸಿ ನೋಡಿ, ಭೋಗ್ಯಪತ್ರವನ್ನು ನೋಂದಾಯಿಸಿ, ಮಾಲೀಕರ ಖಾತೆಗೇ ಹಣ ಹಾಕಿ. ಮಾಲೀಕರು ನೋಂದಣಿ ಬೇಡ ಅಂದರೆ ಅದೇ ಉತ್ತರ ಎಂದು ತಿಳಿದು ಎದ್ದು ಬನ್ನಿ.

ಈ ಎಲ್ಲ ಲೆಕ್ಕದಲ್ಲಿ ಹೆಸರೇ ಬಾರದವರು ತೂಬರಹಳ್ಳಿ, ವರ್ತೂರು ಕಡೆಯ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು ಗಾರೆ ಕೆಲಸ, ಮನೆಗೆಲಸ ಮಾಡುವವರು. ಗೃಹಲಕ್ಷ್ಮಿ ದುಡ್ಡು ಉಳಿಸುತ್ತೀರಾ ಎಂದು ಒಬ್ಬಾಕೆಯನ್ನು ಕೇಳಿದಾಗ, ‘ಅವು ಎರಡು ಸಾವ್ರ ಬರ್ತಾವಲ್ರಿ, ಸೀದಾ ಶೆಡ್ಡಿನ ಬಾಡಿಗಿಗೇ ಹೋಗ್ತಾವ್ರಿ ಅಣ್ಣಾರ’ ಅಂದರು. ಜಾಗದ ಯಜಮಾನರು ಬಿಲ್ಡರ ಜೊತೆ ಕರಾರು ಮಾಡಿಕೊಂಡ ವಾರವೇ ಇವರು ತಗಡು ಬಿಚ್ಚಬೇಕು. ಇವರಿಗೆ ಹೂಡಿಕೆಯ ಉಪದೇಶ ಮಾಡಬಾರದು. ಮಾಡಬಹುದಾದ ಸಣ್ಣ ಕೆಲಸಗಳಿವೆ: ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಜೊತೆಗೆ ಹೋಗುವುದು, ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಕೊಡುವ ಸುರಕ್ಷಾ ಬಿಮಾ ಯೋಜನೆಯ ಅರ್ಜಿಯನ್ನು ಬ್ಯಾಂಕಿನಲ್ಲಿ ತುಂಬಿಕೊಡುವುದು. ನಮ್ಮ ಮನೆಗಳನ್ನು ಕಟ್ಟುವವರಿಗೆ, ಅಲ್ಲಿ ಪಾತ್ರೆ ತೊಳೆಯುವವರಿಗೆ ಇಷ್ಟು ಮಾಡಲು ಅರ್ಧ ದಿನ ಸಾಕು.

ಕೊನೆಗೆ, ಮನೆ ಬಾಡಿಗೆಗೆ ಕೊಟ್ಟಿರುವ ಓದುಗರಲ್ಲಿ ಒಂದು ವಿನಂತಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳುವ ರೂಢಿ ಇನ್ನೂ ಇದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ರಾಜ್ಯಗಳು ತಮ್ಮದಾಗಿ ಮಾಡಿಕೊಳ್ಳುವ ತನಕ ಅದು ಮಾದರಿಯಷ್ಟೇ. 35 ಸಾವಿರದ ಮನೆಗೆ ಹತ್ತು ತಿಂಗಳೆಂದರೆ ಮೂರೂವರೆ ಲಕ್ಷ. ಶೇ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 24,500 ರೂಪಾಯಿ ಬಾಡಿಗೆಯವರು ಕಳೆದುಕೊಳ್ಳುತ್ತಾರೆ, ನಿಮಗೆ ಸಿಗುತ್ತದೆ. ದಯವಿಟ್ಟು ಕಡಿಮೆ ಕೇಳಿ. ಈಗಾಗಲೇ ತೆಗೆದುಕೊಂಡಿದ್ದರೆ ಆ ಮೊತ್ತವನ್ನು ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿ ಇಡಿ, ಮಗಳ ಮದುವೆಗೂ ಮೇಲಿನ ಅಂತಸ್ತಿಗೂ ಅದನ್ನು ಮುಟ್ಟಬೇಡಿ. ಅವರು ಬೀಗದ ಕೈ ಕೊಟ್ಟ ದಿನವೇ, ಸುಣ್ಣಬಣ್ಣಕ್ಕೆ ಕಳೆಯುವುದಿದ್ದರೆ ಬಿಲ್ಲು ತೋರಿಸಿ ಕಳೆದು, ಉಳಿದದ್ದನ್ನು ಅವರ ಖಾತೆಗೆ ಹಾಕಿ. ಅದು ಅವರ ದುಡ್ಡು.