ಕೊನೆಯ ಮೂರು ಪತ್ರಗಳು

ಒಂದು ಕೆಲಸವನ್ನು ಆರಂಭಿಸುವುದು ಹೇಗೆಂದು ತಿಳಿಸುವವರು ಅನೇಕರಿದ್ದಾರೆ. ಅದನ್ನು ಯಾವಾಗ ನಿಲ್ಲಿಸಬೇಕೆಂದು ತಿಳಿಸಿದವರನ್ನು ನಾನಂತೂ ಕಂಡಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದಾಗ ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ: ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ', ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಅದನ್ನು ಕಲ್ಲಚ್ಚಿನಲ್ಲಿ ಹೊರತಂದರು. ಆ ದಿನವನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಆ ಪತ್ರಿಕೆ ಮಂಗಳೂರಿನಲ್ಲಿ ಒಂದು ವರ್ಷವೂ ನಡೆಯಲಿಲ್ಲ. 1844ರಲ್ಲಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ತಳೆಯಿತು. ಅಲ್ಲಿಯೂ ಬಹುಕಾಲ ಬಾಳಲಿಲ್ಲ. ಅದು ನಿಂತ ದಿನ ಯಾವುದೆಂದು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಿಕೊಡಲಿಲ್ಲ.

ಆ ಪ್ರಶ್ನೆ ನನ್ನ ಮನೆಬಾಗಿಲಿಗೇ ಬಂದೀತೆಂದು ಆಗ ಎಣಿಸಿರಲಿಲ್ಲ.

1996ರಲ್ಲಿ ನಾನೊಂದು ಮಾಸಪತ್ರವನ್ನು ಆರಂಭಿಸಿದೆ. ಪತ್ರಿಕೆ ಎನ್ನುವಷ್ಟು ದೊಡ್ಡದೇನಲ್ಲ. ಎರಡು ಹಾಳೆ, ನಾಲ್ಕು ಪುಟ. ಭದ್ರಾವತಿಯ ಕಬ್ಬಿಣದ ಮತ್ತು ಕಾಗದದ ಕಾರ್ಖಾನೆಗಳ ಕಾರ್ಮಿಕರ ಮಕ್ಕಳು ನನ್ನ ವಿದ್ಯಾರ್ಥಿಗಳು. ಓದು ಮುಗಿಸಿ ದೂರದ ಊರುಗಳಿಗೆ ಹೋದವರು 'ಸಾರ್, ಊರಿನ ಸುದ್ದಿ ಬರೆಯಿರಿ' ಎಂದು ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಲಾಗದೆ ಒಂದನ್ನೇ ಬರೆದು ಎಲ್ಲರಿಗೂ ಕಳಿಸಿದೆ. ಆರಂಭದ ವರ್ಷಗಳಲ್ಲಿ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದೆ. ಕನ್ನಡದ ದುಂಡು ಅಕ್ಷರಗಳಿಗೂ ಆ ಹಾಳೆಗೂ ಎಂದೂ ಹೊಂದಾಣಿಕೆಯಾಗಲಿಲ್ಲ. ಕೈ ಸ್ವಲ್ಪ ಭಾರವಾದರೆ ಸಾಕು, ಅನುಸ್ವಾರದ ನಡುಭಾಗ ಕಳಚಿ ಬಿದ್ದು ಅಲ್ಲೊಂದು ಕಪ್ಪು ಮಸಿಯ ಬೊಟ್ಟು ಮೂಡುತ್ತಿತ್ತು. ಮುಂದೆ ಝೆರಾಕ್ಸ್ ಬಂತು, ಬೊಟ್ಟುಗಳು ಹೋದವು.

2004ರಲ್ಲಿ ನಿವೃತ್ತನಾದೆ. ಪತ್ರಕ್ಕೆ ನಿವೃತ್ತಿಯಿರಲಿಲ್ಲ. ಭದ್ರಾ ಅಣೆಕಟ್ಟಿನ ನೀರು 186 ಅಡಿ ಮುಟ್ಟಿತೇ ಇಲ್ಲವೇ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು, ಯಾವ ಬೀದಿಯ ಮರ ಗಾಳಿಗೆ ಉರುಳಿತು, ಎಲ್ಲವನ್ನೂ ಬರೆದೆ. 2015ರಲ್ಲಿ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಬಡಾವಣೆಯ ಮನೆಗಳು ಒಂದೊಂದಾಗಿ ಬರಿದಾದಾಗ, ನನ್ನ ಪತ್ರಕ್ಕೆ ಹಿಂದೆಂದಿಗಿಂತಲೂ ಹೆಚ್ಚು ಉತ್ತರಗಳು ಬಂದವು. ಅಂಚೆಯವನು 50 ಪೈಸೆಯ ಕಾರ್ಡುಗಳ ಕಟ್ಟನ್ನು ಕೈಗಿಡುವಾಗ ನನ್ನ ಎದೆ ಉಬ್ಬುತ್ತಿತ್ತೆಂಬುದನ್ನು ಮುಚ್ಚಿಡಲಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2023ರಿಂದ ನನ್ನ ಪತ್ನಿಗೆ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ಮೂರು ಬಾರಿ, ಪ್ರತಿ ಬಾರಿಯೂ ನಾಲ್ಕು ಗಂಟೆ. ಅದಕ್ಕಾಗಿ ಆಕೆಯ ಎಡಗೈಯಲ್ಲಿ ಶಸ್ತ್ರಚಿಕಿತ್ಸೆಯಿಂದ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ್ದಾರೆ. ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ರಕ್ತ ರಭಸದಿಂದ ಹರಿಯುವ ಕಂಪನ ತಿಳಿಯುತ್ತದೆ. ಕಂಪನವಿದ್ದರೆ ದಾರಿ ತೆರೆದಿದೆ ಎಂದರ್ಥ. ಆದುದರಿಂದ ದಿನವೂ ಮುಟ್ಟಿ ನೋಡಿಕೊಳ್ಳಬೇಕೆಂದು ದಾದಿಯರು ಹೇಳಿಕೊಟ್ಟಿದ್ದರು. ರಾತ್ರಿ ಮಲಗುವ ಮುನ್ನ ನಾನು ಮುಟ್ಟಿ ನೋಡುತ್ತಿದ್ದೆ. ಮುಚ್ಚಿದ ಡಬ್ಬಿಯೊಳಗೆ ದುಂಬಿ ಗುನುಗಿದಂತೆ ಭಾಸವಾಗುತ್ತಿತ್ತು.

ಅದನ್ನೂ ಬರೆದೆ. ಆಕೆಯನ್ನು ಕೇಳದೆಯೇ ಬರೆದೆ. ಆ ತಿಂಗಳ ಪತ್ರಕ್ಕೆ ಬಂದಷ್ಟು ಮೆಚ್ಚುಗೆ ಬೇರಾವುದಕ್ಕೂ ಬರಲಿಲ್ಲ. ಕೆಲವು ವಾರಗಳ ಬಳಿಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಟುಂಬಸಮೇತ ಮನೆಗೆ ಬಂದ. ಕಾಫಿ ಕುಡಿದಾದ ಮೇಲೆ, ಯಾವ ಕೆಡುಕೂ ಎಣಿಸದೆ, 'ಅಮ್ಮಾ, ಸಾರ್ ಬರೆದಿದ್ದರಲ್ಲ, ಆ ದುಂಬಿಯ ಸದ್ದು, ಒಮ್ಮೆ ಮುಟ್ಟಿ ನೋಡಬಹುದೇ?' ಎಂದ. ಆಕೆ ನಕ್ಕಳು. ನಗುತ್ತಲೇ ಸೆರಗನ್ನು ಎಳೆದು ಎಡಗೈಯನ್ನು ಮುಚ್ಚಿಕೊಂಡಳು.

ಅವರು ಹೋದ ಮೇಲೆ ಆಕೆ ಗದರಿಸಲಿಲ್ಲ. ಲೋಟಗಳನ್ನು ಎತ್ತುತ್ತಾ, 'ರೀ, ನಾನು ಮಾತಾಡುವಾಗಲೂ ನೀವು ಬರೀತಾನೇ ಇರ್ತೀರಿ. ಕೈಯಲ್ಲಿ ಅಲ್ಲ, ತಲೆಯಲ್ಲಿ' ಎಂದಳು, ಅಷ್ಟೇ. ನನಗೆ ಉತ್ತರವಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಮಾಡುತ್ತಿದ್ದುದು ಅದನ್ನೇ. ಒಳಗೆ ಯಂತ್ರ ಆಕೆಯ ರಕ್ತವನ್ನು ಶುದ್ಧಿ ಮಾಡುತ್ತಿದ್ದರೆ ಹೊರಗೆ ನಾನು ಮೊದಲ ವಾಕ್ಯವನ್ನು ತಿದ್ದುತ್ತಿದ್ದೆ.

ಆ ರಾತ್ರಿ ನಿಲ್ಲಿಸಲು ನಿಶ್ಚಯಿಸಿದೆ. ನಿಶ್ಚಯ ಸುಲಭವಾಗಿತ್ತು, ನಿಲ್ಲಿಸುವುದು ಸುಲಭವಾಗಿರಲಿಲ್ಲ. ಇದ್ದಕ್ಕಿದ್ದಂತೆ ನಿಂತರೆ ನಾನು ತೀರಿಕೊಂಡೆನೆಂದೇ ಅನೇಕರು ಭಾವಿಸುತ್ತಿದ್ದರು, ನನ್ನ ವಯಸ್ಸೂ ಅಂಥದ್ದೇ. ಆದುದರಿಂದ ಇನ್ನು ಮೂರು ಪತ್ರಗಳು ಮಾತ್ರ ಎಂದು ಮುಂಚಿತವಾಗಿ ತಿಳಿಸಿದೆ. ಕಾರಣವಾಗಿ ಕಣ್ಣಿನ ಪೊರೆ, ಝೆರಾಕ್ಸಿನ ಖರ್ಚು ಎಂದೆಲ್ಲ ಬರೆದೆ. ಅವು ಸುಳ್ಳಲ್ಲ, ಆದರೆ ಅವುಗಳಿಗಾಗಿ ನಾನು ನಿಲ್ಲಿಸುತ್ತಿರಲಿಲ್ಲ. ನಿಜವಾದ ಕಾರಣವನ್ನು ಹೇಳುತ್ತಿರುವುದು ನಿಮಗೇ ಮೊದಲು.

ಕೊನೆಯ ಪತ್ರಕ್ಕೆ ವಿಳಾಸ ಬರೆಯಲು ಹಳೆಯ ವಿಳಾಸದ ಪುಸ್ತಕವನ್ನು ತೆರೆದೆ. ಒಂದು ಕಾಲದಲ್ಲಿ 212 ಹೆಸರುಗಳಿದ್ದವು, ಈಗ ಉಳಿದಿರುವುದು 74. ಅಡ್ಡಗೆರೆ ಎಳೆದ ಹೆಸರುಗಳಲ್ಲಿ ನನಗಿಂತ ಕಿರಿಯರೇ ಹೆಚ್ಚು. ಕೆಲವು ಗೆರೆಗಳನ್ನು ನಾನು ಸ್ಕೇಲಿಟ್ಟು ನೇರವಾಗಿ ಎಳೆದಿದ್ದೆ. ಏಕೆ ಹಾಗೆ ಮಾಡಿದೆನೋ ತಿಳಿಯದು. ಅನೇಕರು ನನಗೆ ಅಂಚೆಚೀಟಿಗಳನ್ನು ಕಳಿಸುತ್ತಿದ್ದರು, ಅವು ಇನ್ನೂ ಒಂದು ಡಬ್ಬಿಯಷ್ಟು ಉಳಿದಿವೆ. ಯಾರು ಎಷ್ಟು ಕಳಿಸಿದರೆಂಬ ಲೆಕ್ಕವಿಲ್ಲ. ಯಾರಿಗೆಂದು ಹಿಂತಿರುಗಿಸಲಿ?

ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ವಿದ್ಯಾರ್ಥಿಯೊಬ್ಬ ಕಾರ್ಡು ಬರೆದ: 'ನೀವು ನಿಲ್ಲಿಸಿದರೆ ನಮ್ಮೂರಿನ ಮಳೆಯ ಸುದ್ದಿ ನನಗೆ ಯಾರು ಹೇಳುತ್ತಾರೆ ಸಾರ್? ನನ್ನ ತಂದೆ ತಾಯಿ ಈಗ ಅಲ್ಲಿಲ್ಲ.' ಆ ಕಾರ್ಡನ್ನು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟು ಎಷ್ಟೋ ದಿನ ಉತ್ತರ ಬರೆಯಲಾಗದೆ ಕಳೆದೆ. ಅದನ್ನು ಓದಿದ ಪತ್ನಿ, 'ಇವನಿಗೆ ಒಬ್ಬನಿಗೇ ಒಂದು ಕಾರ್ಡು ಬರೆಯಿರಿ. ಇವನ ಮಗಳ ಕಾಲು ಈಗ ಹೇಗಿದೆಯೆಂದು ಕೇಳಿ' ಎಂದಳು. ಮಗಳು ಬಿದ್ದು ಕಾಲು ಮುರಿದುಕೊಂಡ ಸಂಗತಿಯನ್ನು ಆತ ಹಿಂದಿನ ವರ್ಷ ಬರೆದಿದ್ದ. ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ. 300ಕ್ಕೂ ಹೆಚ್ಚು ಪತ್ರಗಳನ್ನು ಬರೆದ ನಾನು ಎಷ್ಟು ಮಂದಿಯನ್ನು ಏನನ್ನಾದರೂ ಕೇಳಿದ್ದೆ ಎಂದು ಎಣಿಸಲು ಹೊರಟು, ಸ್ವಲ್ಪ ಹೊತ್ತಿಗೇ ಕೈಬಿಟ್ಟೆ. ಕಾರ್ಡು ಬರೆದೆ. ಮಗಳು ಈಗ ಶಾಲೆಗೆ ನಡೆದೇ ಹೋಗುತ್ತಾಳಂತೆ.

ಕೊನೆಯ ಪತ್ರ ಹೋದ ಮರುತಿಂಗಳು, ಮಾಮೂಲಿನಂತೆ 25ನೇ ತಾರೀಖಿನ ಬೆಳಿಗ್ಗೆ ಮೇಜಿನ ಮುಂದೆ ಕುಳಿತೆ. ಬರೆಯುವುದೇನೂ ಇರಲಿಲ್ಲ. ಡಯಾಲಿಸಿಸ್ಸಿನ ದಿನವಾದುದರಿಂದ ಆಟೋ ಬಂತು, ಹೊರಟೆವು. ದಾರಿಯಲ್ಲಿ ಆಕೆ ತನ್ನ ಬಾಲ್ಯದ ಯಾವುದೋ ಜಾತ್ರೆಯ ಕಥೆ ಹೇಳಿದಳು. ಏನೆಂದು ಬರೆಯುವುದಿಲ್ಲ.

ಈ ಲೇಖನವನ್ನು ಕಳಿಸುವ ಮುನ್ನ ಆಕೆಗೆ ಓದಿ ಹೇಳಿದೆ. ಸೆರಗಿನ ಮಾತು ಇರಲಿ ಎಂದಳು. ಬೇರೊಂದು ಸಾಲನ್ನು ತೆಗೆಯಲು ಹೇಳಿದಳು, ತೆಗೆದಿದ್ದೇನೆ.